ವಾಚು, ಉಂಗುರ, ತಿಂಗಳ ಲೆಕ್ಕ: ಇವು ನಿಜವಾಗ್ಲೂ ಏನನ್ನ ಅಳೀತವೆ?

ಸರಸ್ವತಿಪುರಂ_ಕಾಫಿ
ಮೈಸೂರಲ್ಲಿ ಯಾವ ಮೊಬೈಲ್ ಅಂಗಡಿಗೆ ಹೋದ್ರೂ ಈಗ ಎರಡು ಸಾವಿರದ ಸ್ಮಾರ್ಟ್ ವಾಚಿನ ಡಬ್ಬದ ಮೇಲೂ ‘ಪೀರಿಯಡ್ ಟ್ರ್ಯಾಕಿಂಗ್’ (ಮುಟ್ಟಿನ ಲೆಕ್ಕ) ಅಂತ ಇರುತ್ತೆ, ಅದರ ಹತ್ತು ಪಟ್ಟು ಬೆಲೆಯ ಸ್ಮಾರ್ಟ್ ಉಂಗುರದ ಡಬ್ಬದ ಮೇಲೂ ಅದೇ ಇರುತ್ತೆ. ಮಾರೋರನ್ನ ಕೇಳಿದ್ರೆ ಎಲ್ಲಾ ಒಂದೇ, ಬ್ಯಾಟರಿ ಮಾತ್ರ ವ್ಯತ್ಯಾಸ ಅಂತಾರೆ. ಹೌದಾ? ಮಣಿಕಟ್ಟಿಗೆ ಕಟ್ಟಿದ ವಸ್ತುವಿಗೆ ಹೊಟ್ಟೆಯೊಳಗೆ ಅಂಡ ಬಿಡುಗಡೆ ಆಗಿದ್ದು ಹೇಗೆ ಗೊತ್ತಾಗುತ್ತೆ? ಮುಟ್ಟಿನ ಸೈಕಲ್ 27ರಿಂದ 38 ದಿನದ ಮಧ್ಯೆ ಓಡಾಡೋರಿಗೆ ಇದರಿಂದ ಉಪಯೋಗ ಇದ್ಯಾ? ‘ಡಾಕ್ಟರನ್ನ ಕೇಳಿ’ ಅಂತ ಒಂದೇ ಸಾಲು ಬರೆಯೋರು ದಯವಿಟ್ಟು ಮುಂದೆ ಹೋಗಿ. ಒಳಗೆ ಹೇಗೆ ಕೆಲಸ ಮಾಡುತ್ತೆ ಅಂತ ಬಲ್ಲೋರು ಬರೀರಿ.

ಸೆನ್ಸರ್_ಸುಬ್ಬಿ
ಒಂದೇ ಅಲ್ಲ ಕಣ್ರೀ. ಅಗ್ಗದ ವಾಚಲ್ಲಿರೋದು ಬರೀ ಲೆಕ್ಕ. ಕೊನೇ ಸಲ ಆದ ತಾರೀಕು, ಎಷ್ಟು ದಿನ ಹೋಗುತ್ತೆ, ಸೈಕಲ್ ಎಷ್ಟು ದಿನದ್ದು ಅಂತ ನೀವೇ ಫೋನಲ್ಲಿ ತುಂಬ್ತೀರಿ. ಅದು ಮುಂದಿನ ತಾರೀಕು ಹಾಕಿ, ಅಲ್ಲಿಂದ 14 ದಿನ ಹಿಂದಕ್ಕೆ ಎಣಿಸಿ ‘ಓವ್ಯುಲೇಷನ್’ (ಅಂಡ ಬಿಡುಗಡೆ) ಅಂತ ಒಂದು ಚುಕ್ಕೆ ಇಡುತ್ತೆ. ವಾಚನ್ನ ಬೀರುವಲ್ಲಿಟ್ಟು ಮಲಗಿದ್ರೂ ಆ ಚುಕ್ಕೆ ಅಲ್ಲೇ ಇರುತ್ತೆ, ಯಾಕಂದ್ರೆ ನಿಮ್ಮ ಮೈಯಿಂದ ಅದು ಏನನ್ನೂ ತಗೊಂಡಿಲ್ಲ.

ಇನ್ನೊಂದು ಜಾತಿ ಹೃದಯ ಬಡಿತ ನೋಡುತ್ತೆ. ಅಂಡ ಬಿಡುಗಡೆ ಆದ ಮೇಲೆ ನಿದ್ದೆಯಲ್ಲಿನ ಬಡಿತ ನಿಮಿಷಕ್ಕೆ ಎರಡರಿಂದ ನಾಲ್ಕು ಜಾಸ್ತಿ ಆಗುತ್ತೆ, ಮುಟ್ಟು ಶುರುವಾದಾಗ ಇಳಿಯುತ್ತೆ. ಸುಳಿವು ಅಂತ ಇಟ್ಕೊಳ್ಳಿ, ಸಾಕ್ಷಿ ಅಲ್ಲ. ಒಂದು ರಾತ್ರಿ ನಿದ್ದೆಗೆಟ್ಟರೂ ಅಷ್ಟು ಏರುತ್ತೆ.

ಲೆಕ್ಕಕ್ಕೆ ಬರೋದು ರಾತ್ರಿಯಿಡೀ ಚರ್ಮದ ಉಷ್ಣಾಂಶ ಅಳೆಯೋ ಜಾತಿ. ಆ್ಯಪಲ್ ವಾಚಲ್ಲಿ ಇದು ಬಂದಿದ್ದು 2022ರ ಸೀರೀಸ್ 8 ಮತ್ತು ಅಲ್ಟ್ರಾದಿಂದ. ಅದರಲ್ಲಿ ಎರಡು ಸೆನ್ಸರ್, ಒಂದು ಚರ್ಮಕ್ಕೆ ತಾಗೋ ಹಿಂಬದಿಯಲ್ಲಿ, ಇನ್ನೊಂದು ಗಾಜಿನ ಕೆಳಗೆ, ಹೊರಗಿನ ಗಾಳಿಯ ಪ್ರಭಾವ ಕಳೆಯೋಕೆ. ಆ್ಯಪಲ್‌ನ ಕಮ್ಮಿ ಬೆಲೆಯ ಎಸ್‌ಇ ವಾಚಿನ ಮೊದಲ ಎರಡು ಮಾದರಿಗಳಲ್ಲಿ ಇಲ್ಲ, ಸೆಕೆಂಡ್‌ಹ್ಯಾಂಡ್ ತಗೊಳ್ಳೋರು ನೋಡ್ಕೊಳ್ಳಿ. ಸ್ಯಾಮ್‌ಸಂಗ್‌ನಲ್ಲಿ ಗ್ಯಾಲಕ್ಸಿ ವಾಚ್ 5ರಿಂದ ಇದೆ. ಔರಾ ಮತ್ತು ಬೆಂಗಳೂರಿನ ಅಲ್ಟ್ರಾಹ್ಯೂಮನ್ ಉಂಗುರಗಳು ಬೆರಳಿನ ಒಳಬದಿಯಿಂದ ಅಳೀತವೆ.

ಅಂಗಡಿಯಲ್ಲಿ ಕಂಡುಹಿಡಿಯೋದು ಹೇಗೆ ಅಂದ್ರೆ, ಆ್ಯಪ್ ತೆರೆಸಿ ‘ಒಂದೊಂದು ರಾತ್ರಿಯ ಉಷ್ಣಾಂಶದ ಗ್ರಾಫ್ ತೋರಿಸಿ’ ಅನ್ನಿ. +0.2, -0.1 ಅಂತ ಏರಿಳಿತ ತೋರಿಸಿದ್ರೆ ಸರಿ. ಬಟನ್ ಒತ್ತಿದಾಗ 36.5 ಅಂತ ಒಂದು ಸಂಖ್ಯೆ ಕೊಡೋದಾದ್ರೆ ಈ ಕೆಲಸಕ್ಕೆ ಬರಲ್ಲ.

ಮದ್ದೂರ್_ವಡೆ
ನಮ್ಮಜ್ಜಿ ಕಾಲದಲ್ಲಿ ವಾಚೂ ಇರ್ನಿಲ್ಲ ಉಂಗುರಾನೂ ಇರ್ನಿಲ್ಲ. ಒಂಟಿಕೊಪ್ಪಲ್ ಕ್ಯಾಲೆಂಡರಲ್ಲಿ ಪೆನ್ಸಿಲ್ ಚುಕ್ಕಿ ಇಡೋರು, ಅಷ್ಟೇಯ.

ಸೆನ್ಸರ್_ಸುಬ್ಬಿ
@ಮದ್ದೂರ್_ವಡೆ ಅದನ್ನೇ ನಾನೂ ಹೇಳಿದ್ದು. ಎರಡು ಸಾವಿರದ ವಾಚು ಮಾಡೋದು ಆ ಪೆನ್ಸಿಲ್ ಚುಕ್ಕೆ ಕೆಲಸ. ಅಷ್ಟೇ ಸಾಕು ಅನ್ನೋರಿಗೆ ಕ್ಯಾಲೆಂಡರೇ ವಾಸಿ, ಚಾರ್ಜೂ ಬೇಡ.

ಥರ್ಮಾಮೀಟರ್_ತಾಯಮ್ಮ
ಉಷ್ಣಾಂಶ ಅಂದ ಮೇಲೆ ವಾಚೇ ಯಾಕೆ ಬೇಕು? ಮೆಡಿಕಲ್ ಸ್ಟೋರಿನ ಡಿಜಿಟಲ್ ಜ್ವರದ ಥರ್ಮಾಮೀಟರ್ ಸಾಕು, ಬಳಸೋ ಕ್ರಮ ಸರಿ ಇದ್ರೆ. ಬೆಳಿಗ್ಗೆ ಎಚ್ಚರ ಆದ ತಕ್ಷಣ, ಹಾಸಿಗೆಯಿಂದ ಏಳೋಕ್ ಮುಂಚೆ, ನೀರು ಕುಡಿಯೋಕ್ ಮುಂಚೆ, ನಾಲಿಗೆ ಕೆಳಗೆ ಹಿಂದಕ್ಕೆ ಒತ್ತಿ ಇಟ್ಕೊಂಡು ಬಾಯಿ ಮುಚ್ಚಬೇಕು. ಅದಕ್ಕೆ ಮೊದಲು ಕಡೇಪಕ್ಷ ಮೂರು ಗಂಟೆ ಸತತ ನಿದ್ದೆ ಆಗಿರಬೇಕು. ದಿನಾ ಹೆಚ್ಚುಕಮ್ಮಿ ಅದೇ ಹೊತ್ತಿಗೆ.

ಒಂದು ಗುಟ್ಟು: ಥರ್ಮಾಮೀಟರನ್ನ ಫ್ಯಾರನ್‌ಹೀಟ್‌ನಲ್ಲೇ ಇಟ್ಕೊಳ್ಳಿ. ಪರದೆ ಮೇಲೆ ಒಂದೇ ದಶಾಂಶ ಬರುತ್ತೆ. ಸೆಲ್ಸಿಯಸ್‌ನ 0.1 ದಪ್ಪ ಮೆಟ್ಟಿಲು, ಫ್ಯಾರನ್‌ಹೀಟ್‌ನ 0.1 ಅಂದ್ರೆ ಅದರ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಅಷ್ಟೇ. ನಾವು ಹುಡುಕ್ತಿರೋ ಏರಿಕೆಯೇ 0.3ರಿಂದ 0.5 ಸೆಲ್ಸಿಯಸ್, ಅಂದ್ರೆ ಸುಮಾರು ಅರ್ಧದಿಂದ ಒಂದು ಡಿಗ್ರಿ ಫ್ಯಾರನ್‌ಹೀಟ್. ಸಣ್ಣ ಮೆಟ್ಟಿಲಿನ ಅಳತೆ ಇದ್ರೆ ಏರಿಕೆ ಕಣ್ಣಿಗೆ ಬೀಳುತ್ತೆ. ಎರಡು ದಶಾಂಶದ ಬೇಸಲ್ ಥರ್ಮಾಮೀಟರ್ ಸಿಕ್ಕಿದ್ರೆ ಇನ್ನೂ ಒಳ್ಳೇದು.

ಪಾಂಡವಪುರ_ಪ್ಯಾಸೆಂಜರ್
ಯಾಕೆ ಏರುತ್ತೆ ಅದು? ಅಂಡ ಬಿಡುಗಡೆ ಆದ್ರೆ ಜ್ವರ ಬರುತ್ತಾ?

ಲ್ಯಾಬ್_ಕೋಟು
ಜ್ವರ ಅಲ್ಲ. ಅಂಡ ಹೊರಬಿದ್ದ ಮೇಲೆ ಅಂಡಾಶಯದಲ್ಲಿ ಉಳಿದ ಕೋಶಗಳೆಲ್ಲ ಸೇರಿ ಹಳದಿ ಗಂಟೊಂದು ಆಗುತ್ತೆ, ಅದು ಪ್ರೊಜೆಸ್ಟರಾನ್ ಸುರಿಸುತ್ತೆ. ಮಿದುಳಿನಲ್ಲಿ ಮೈಯ ಶಾಖ ಎಷ್ಟಿರಬೇಕು ಅಂತ ನಿಗದಿ ಮಾಡೋ ಹೈಪೊಥಲಾಮಸ್ ಮೇಲೆ ಆ ಹಾರ್ಮೋನ್ ಕೆಲಸ ಮಾಡಿ ಮಟ್ಟವನ್ನ ಒಂಚೂರು ಮೇಲಕ್ಕೆ ಸರಿಸುತ್ತೆ. ಗರ್ಭ ನಿಲ್ಲದಿದ್ರೆ ಸುಮಾರು ಎರಡು ವಾರಕ್ಕೆ ಗಂಟು ಬತ್ತುತ್ತೆ, ಹಾರ್ಮೋನ್ ಇಳಿಯುತ್ತೆ, ಉಷ್ಣಾಂಶ ಇಳಿಯುತ್ತೆ, ಮುಟ್ಟಾಗುತ್ತೆ.

ಇಲ್ಲಿ ಜಾಹೀರಾತು ನುಂಗಿಬಿಡೋ ಮಾತು ಒಂದಿದೆ. ಶಾಖ ಏರೋದು ಅಂಡ ಬಿಡುಗಡೆ ಆದ ಮೇಲೆ. ಕನ್ನಂಬಾಡಿ ಕಟ್ಟೆ ನೀರಿನ ಮಟ್ಟ ಎರಡಡಿ ಏರಿದೆ ಅಂದ್ರೆ ಕೊಡಗಲ್ಲಿ ಮಳೆ ಬಿದ್ದಾಗಿದೆ ಅಂತ, ನಾಳೆ ಬೀಳುತ್ತೆ ಅಂತಲ್ಲ. ಇದೂ ಹಾಗೇ. ಆ್ಯಪಲ್‌ನೋರು ಅದಕ್ಕೇ ತಮ್ಮದನ್ನ ‘ಹಿಂದಿರುಗಿ ನೋಡಿದ ಅಂದಾಜು’ ಅಂತಲೇ ಹೇಳ್ತಾರೆ. ಆ್ಯಪ್ ತೋರಿಸೋ ಮುಂದಿನ ತಿಂಗಳ ಗುಲಾಬಿ ಬಣ್ಣದ ದಿನಗಳೆಲ್ಲ, ಎಷ್ಟೇ ದುಬಾರಿ ಸಾಧನ ಇರಲಿ, ಹಳೇ ತಿಂಗಳುಗಳಿಂದ ಎತ್ತಿದ ಊಹೆ.

ಕಬ್ಬಿನ್_ಗದ್ದೆ
ಹಂಗಾದ್ರೆ ದುಡ್ಡು ದಂಡ ಅಂತಾಯ್ತು.

ಲ್ಯಾಬ್_ಕೋಟು
ಯಾರಿಗೆ ದಂಡ ಅನ್ನೋದ್ರ ಮೇಲೆ. ಮಗು ಬೇಕು ಅನ್ನೋರಿಗೆ ‘ನಿನ್ನೆ ಆಗೋಯ್ತು’ ಅನ್ನೋ ಸುದ್ದಿ ಆ ತಿಂಗಳಿಗೆ ಉಪಯೋಗಕ್ಕೆ ಬರಲ್ಲ. ಅಂಡ ಬದುಕೋದು 12ರಿಂದ 24 ಗಂಟೆ. ವೀರ್ಯಾಣು ಐದು ದಿನದವರೆಗೂ ಬದುಕಿರುತ್ತೆ. ಹಾಗಾಗಿ ಗರ್ಭ ನಿಲ್ಲೋ ಅವಕಾಶ ಇರೋದು ಬಿಡುಗಡೆಯ ದಿನ ಮತ್ತೆ ಅದರ ಹಿಂದಿನ ಐದು ದಿನ. ಆದ್ರೆ ‘ನನಗೆ ಅಂಡ ಬಿಡುಗಡೆ ಆಗ್ತಾನಾದ್ರೂ ಇದ್ಯಾ, ಆಗೋದಾದ್ರೆ ಎಷ್ಟನೇ ದಿನ’ ಅನ್ನೋದು ಗೊತ್ತಾಗಬೇಕಾದೋರಿಗೆ ಮೂರು ತಿಂಗಳ ಗ್ರಾಫ್ ಬೆಲೆಬಾಳುತ್ತೆ.

ಸೆನ್ಸರ್_ಸುಬ್ಬಿ
ಒಂದು ಲೆಕ್ಕ ಹಾಕಿ ತೋರಿಸ್ತೀನಿ, ಕಾಫಿ ಅವರ ಪ್ರಶ್ನೆಗೂ ಇದೇ ಉತ್ತರ. ಸೈಕಲ್ 31 ದಿನದ್ದು ಅನ್ಕೊಳ್ಳಿ. ರಕ್ತ ಕಂಡ ದಿನ ಒಂದನೇ ದಿನ. 17ನೇ ದಿನದವರೆಗೂ ಗ್ರಾಫ್ ಕೆಳಗೇ ಇದೆ. 18ರಂದು ಏರ್ತು, 19, 20ರಂದೂ ಮೇಲೇ ಉಳೀತು. ನಿಯಮ ಏನಂದ್ರೆ, ಹಿಂದಿನ ಆರು ದಿನದ ಪೈಕಿ ಅತಿ ಹೆಚ್ಚಿನದಕ್ಕಿಂತ ಮುಂದಿನ ಮೂರು ದಿನವೂ ಮೇಲಿರಬೇಕು, ಮೂರನೇದು ಕನಿಷ್ಠ 0.2 ಸೆಲ್ಸಿಯಸ್, ಅಂದ್ರೆ ಸುಮಾರು 0.4 ಫ್ಯಾರನ್‌ಹೀಟ್, ಮೇಲಿರಬೇಕು. ಅಂದ್ರೆ ಖಾತ್ರಿ ಆಗಿದ್ದು 20ನೇ ದಿನ, ಬಿಡುಗಡೆ ಆಗಿದ್ದು ಹೆಚ್ಚುಕಮ್ಮಿ 17ರಂದು, ಅವಕಾಶ ಇದ್ದಿದ್ದು 12ರಿಂದ 17. ಸೈಕಲ್ 28 ಅಂತ ತುಂಬಿಟ್ಟ ಅಗ್ಗದ ವಾಚು ಏನು ಹೇಳಿರುತ್ತೆ? 9ರಿಂದ 14. ಆಮೇಲೆ 29ನೇ ದಿನದಿಂದ ‘ತಡವಾಗಿದೆ’ ಅಂತ ದಿನಾ ಪೀಡಿಸುತ್ತೆ. ತಡ ಏನೂ ಆಗಿಲ್ಲ.

27ರಿಂದ 38ರ ಮಧ್ಯೆ ಓಡಾಡೋ ಸೈಕಲಲ್ಲಿ ಓಡಾಡೋದು ಬಹುಪಾಲು ಮೊದಲರ್ಧ. ಬಿಡುಗಡೆ ಆದ ಮೇಲಿನ ಭಾಗ ಒಬ್ಬೊಬ್ಬರಲ್ಲಿ ಹೆಚ್ಚು ಬದಲಾಗಲ್ಲ, ಸಾಮಾನ್ಯವಾಗಿ 12ರಿಂದ 14 ದಿನ. ಹಾಗಾಗಿ ನಿಮ್ಮಂಥೋರಿಗೆ ಉಷ್ಣಾಂಶದ ಸಾಧನದಿಂದ ಸಿಗೋ ದೊಡ್ಡ ಲಾಭ ಒಂದೇ. ಏರಿಕೆ ಖಾತ್ರಿ ಆದ ದಿನದಿಂದ ಮುಂದಿನ ಡೇಟ್ ಯಾವಾಗ ಅಂತ ಒಂದೆರಡು ದಿನದ ವ್ಯತ್ಯಾಸದಲ್ಲಿ ಹೇಳಬಹುದು. ಏರಿಕೆಗೆ ಮುಂಚೆ ಯಾವ ಆ್ಯಪೂ ಹೇಳಕ್ಕಾಗಲ್ಲ.

ಥರ್ಮಾಮೀಟರ್_ತಾಯಮ್ಮ
ಇಷ್ಟನ್ನೂ ಗ್ರಾಫ್ ಹಾಳೆ ಮೇಲೆ ಮಾಡ್ಬಹುದು ಅಂತಲೇ ನಾನು ಹೇಳ್ತಿರೋದು.

ನೈಟ್‌ಶಿಫ್ಟ್_ಹೂಟಗಳ್ಳಿ
@ಥರ್ಮಾಮೀಟರ್_ತಾಯಮ್ಮ ಬೆಳಿಗ್ಗೆ ಐದೂವರೆಗೆ ಎದ್ದು ನೀರು ಹಿಡಿಯೋರು, ರಾತ್ರಿ ಮೂರು ಸಲ ಮಗುಗೆ ಏಳೋರು, ಶಿಫ್ಟ್ ಮುಗಿಸಿ ಬೆಳಿಗ್ಗೆ ಎಂಟಕ್ಕೆ ಮಲಗೋರು, ಇವರಿಗೆಲ್ಲ ‘ದಿನಾ ಅದೇ ಹೊತ್ತು’ ಅನ್ನೋ ನಿಮ್ಮ ನಿಯಮ ಹೇಗಮ್ಮಾ ಹೊಂದುತ್ತೆ? ವಾಚು ಗೆಲ್ಲೋದು ಇಲ್ಲೇ. ಅದು ಒಂದು ಕ್ಷಣದ ಅಳತೆ ಅಲ್ಲ, ನಿದ್ದೆಯುದ್ದಕ್ಕೂ ತೆಗೆದ ಅಳತೆಗಳ ಸಾರ.

ಆದ್ರೆ ಶಿಫ್ಟ್‌ನೋರು ಮಾಡ್ಕೋಬೇಕಾದ ಹೊಂದಾಣಿಕೆ ಇದೆ. ಆ್ಯಪಲ್ ವಾಚಲ್ಲಿ ಸ್ಲೀಪ್ ಫೋಕಸ್ (ನಿದ್ದೆಯ ಹೊತ್ತಿನ ಸೆಟ್ಟಿಂಗ್) ಆನ್ ಆಗಿ ಕಡೇಪಕ್ಷ ನಾಲ್ಕು ಗಂಟೆ ಕೈಯಲ್ಲಿದ್ರೆ ಮಾತ್ರ ಆ ರಾತ್ರಿಯ ಉಷ್ಣಾಂಶ ದಾಖಲಾಗುತ್ತೆ. ನಿದ್ದೆ ವೇಳಾಪಟ್ಟಿ ರಾತ್ರಿ ಹನ್ನೊಂದರಿಂದ ಅಂತಿದ್ದು ನೀವು ಹಗಲು ಮಲಗಿದ್ರೆ ಗ್ರಾಫ್ ಖಾಲಿ, ಆಮೇಲೆ ‘ವಾಚ್ ಕೆಟ್ಟಿದೆ’ ಅಂತ ಸರ್ವಿಸ್ ಸೆಂಟರಿಗೆ ಓಡ್ತಾರೆ. ವೇಳಾಪಟ್ಟಿಯನ್ನ ಹಗಲಿಗೆ ಬದಲಾಯಿಸಿ, ಇಲ್ಲಾ ಮಲಗುವಾಗ ಕೈಯಾರೆ ಸ್ಲೀಪ್ ಒತ್ತಿ. ಹೊಸ ವಾಚಿಗೆ ನಿಮ್ಮ ಎಂದಿನ ಉಷ್ಣಾಂಶದ ಮೂಲಮಟ್ಟ ಸಿದ್ಧವಾಗೋಕೆ ಸುಮಾರು ಐದು ರಾತ್ರಿ ಬೇಕು, ಓವ್ಯುಲೇಷನ್ ಅಂದಾಜಿಗೆ ಸುಮಾರು ಎರಡು ಸೈಕಲ್. ವಾರಕ್ಕೊಮ್ಮೆ ಶಿಫ್ಟ್ ಬದಲಾಗೋರು ಹಗಲು ನಿದ್ದೆಯ ಚುಕ್ಕೆಗಳನ್ನ ಹಗಲಿನ ಜೊತೆ, ರಾತ್ರಿಯವನ್ನ ರಾತ್ರಿ ಜೊತೆ ಮಾತ್ರ ಹೋಲಿಸಿ. ಮೈಯ ಶಾಖಕ್ಕೆ ತನ್ನದೇ ಹಗಲು ರಾತ್ರಿ ಇದೆ, ಶಿಫ್ಟ್ ಬದಲಾದ ದಿನ ಅದು ಬದಲಾಗಲ್ಲ.

ಬೋಗಾದಿ_ರಿಂಗ್‌ರೋಡ್
ಚರ್ಮದ ಶಾಖ ಅಂತೀರಿ, ಏಪ್ರಿಲ್‌ನಲ್ಲಿ ರಾತ್ರಿ ಕರೆಂಟ್ ಹೋಗಿ ಫ್ಯಾನ್ ನಿಂತ್ರೆ?

ಸೆನ್ಸರ್_ಸುಬ್ಬಿ
ಗ್ರಾಫ್ ನೆಗೆಯುತ್ತೆ. ನಾಲಿಗೆ ಕೆಳಗಿನ ಶಾಖಕ್ಕೂ ಮಣಿಕಟ್ಟಿನ ಶಾಖಕ್ಕೂ ಇರೋ ವ್ಯತ್ಯಾಸವೇ ಇದು. ನಿದ್ದೆ ಬಂದಾಗ ಕೈಕಾಲಿನ ರಕ್ತನಾಳ ಹಿಗ್ಗಿ ಒಳಗಿನ ಬಿಸಿ ಹೊರಗೆ ಹೋಗುತ್ತೆ, ಹಾಗಾಗಿ ಮಣಿಕಟ್ಟಿನ ಸಂಖ್ಯೆಗೆ ಸ್ವಂತ ಅರ್ಥ ಇಲ್ಲ, ನಿಮ್ಮದೇ ಹಿಂದಿನ ರಾತ್ರಿಗಳಿಗಿಂತ ಎಷ್ಟು ಹೆಚ್ಚು ಕಮ್ಮಿ ಅನ್ನೋದಕ್ಕೆ ಮಾತ್ರ. ಕೈ ದಿಂಬಿನಡಿ ಇಟ್ಟು ಮಲಗೋದು, ಜಮಖಾನದ ಬದಲು ಒಂದು ರಾತ್ರಿ ದಪ್ಪ ರಗ್ಗು, ಪಕ್ಕದಲ್ಲಿ ಮಗು ಅಂಟಿಕೊಂಡು ಮಲಗೋದು, ಎಣ್ಣೆ ಪಾರ್ಟಿ, ನೆಗಡಿ ಜ್ವರ, ವ್ಯಾಕ್ಸೀನ್ ಮಾರನೇ ದಿನ, ಇವೆಲ್ಲ ಒಂದೆರಡು ದಿನದ ಸುಳ್ಳು ಏರಿಕೆ ಕೊಡ್ತವೆ. ಮೂರು ದಿನದ ನಿಯಮ ಇರೋದೇ ಇವನ್ನ ಸೋಸೋಕೆ. ಅಂಥಾ ರಾತ್ರಿಗೆ ಆ್ಯಪಲ್ಲಿ ಒಂದು ಟಿಪ್ಪಣಿ ಹಾಕಿ, ಆಮೇಲೆ ನೋಡುವಾಗ ಆ ಚುಕ್ಕೆ ಬಿಟ್ಟು ಓದಿ.

ಪಟ್ಟಿ ಸಡಿಲ ಇರೋದು ಇನ್ನೊಂದು ತಾಪತ್ರಯ. ಮಣಿಕಟ್ಟಿನ ಎಲುಬಿನಿಂದ ಒಂದು ಬೆರಳು ಮೇಲೆ ಕಟ್ಟಿ, ವಾಚು ತಾನಾಗಿ ಜಾರಬಾರದು, ಚರ್ಮದಲ್ಲಿ ಗುರುತೂ ಬೀಳಬಾರದು. ಬಳೆ ತೊಡೋರು ರಾತ್ರಿ ಆ ಕೈಯ ಬಳೆ ಇನ್ನೊಂದು ಕೈಗೆ ಹಾಕ್ಕೊಳ್ಳಿ, ಬಳೆ ವಾಚನ್ನ ಎತ್ತಿಬಿಡುತ್ತೆ.

ಕುವೆಂಪುನಗರ_ಎಂ_ಬ್ಲಾಕ್
ಚಾರ್ಜ್ ಬಗ್ಗೆ ಯಾರೂ ಬರೀಲೇ ಇಲ್ಲ. ನೂರಕ್ಕೆ ತೊಂಬತ್ತು ಜನ ಚಾರ್ಜಿಗೆ ಹಾಕೋದೇ ರಾತ್ರಿ! ಉಷ್ಣಾಂಶ ಬೇಕಿರೋದೂ ರಾತ್ರೀನೇ. ಸ್ನಾನಕ್ಕೆ ಹೋದಾಗ ಒಂದಷ್ಟು, ಸಂಜೆ ಅಡುಗೆ ಹೊತ್ತಲ್ಲಿ ಒಂದಷ್ಟು ಹಾಕಿದ್ರೆ ರಾತ್ರಿಗೆ ಸಾಕು. ಮಲಗುವಾಗ 30 ಪರ್ಸೆಂಟ್ ಇದ್ರೆ ಧಾರಾಳ.

ಮಂಡ್ಯ_ಗೌಡ್ರುಡುಗ
ಉಂಗುರ ತಗಂಡ್ರೆ ಈ ರಗಳೆ ಇಲ್ವಲ್ಲ? ನಾಕೈದು ದಿನ ಬರ್ತದೆ. ಮನೆಯೋಳಿಗೆ ಒಂದು ಗಿಫ್ಟ್ ಕೊಡವಾ ಅಂತಿವ್ನಿ. ಸೈಜು ಹೆಂಗೆ ನೋಡದು? ಹಳೇ ಚಿನ್ನದುಂಗುರದ ಅಳತೆ ಕೊಟ್ರಾಗ್ತದಾ?

ಕುವೆಂಪುನಗರ_ಎಂ_ಬ್ಲಾಕ್
@ಮಂಡ್ಯ_ಗೌಡ್ರುಡುಗ ಚಿನ್ನದ ಉಂಗುರದ ಅಳತೆ ನಡೆಯಲ್ಲ ಗೌಡ್ರೇ, ಇದು ದಪ್ಪ, ಒಳಗೆ ಉಬ್ಬು ಉಬ್ಬು ಸೆನ್ಸರ್ ಇರ್ತವೆ. ಕಂಪನಿಯೋರು ಪ್ಲಾಸ್ಟಿಕ್ ಉಂಗುರಗಳ ಅಳತೆ ಕಿಟ್ ಕಳಿಸ್ತಾರೆ. ಅದನ್ನ ತರಿಸಿ ಒಂದು ಪೂರ್ತಿ ದಿನ, ರಾತ್ರಿ ಸೇರಿ, ಹಾಕ್ಕೊಂಡು ನೋಡ್ಬೇಕು. ಬೆರಳು ಬೆಳಿಗ್ಗೆ ಒಂಥರ, ಸಂಜೆ ಒಂಥರ, ಡೇಟ್ ಹತ್ರ ಬಂದಾಗ ಕೆಲವರಿಗೆ ನೀರು ತುಂಬಿ ಇನ್ನೊಂಥರ. ತೋರುಬೆರಳಿಗೆ ಒಳ್ಳೇದು. ಮುದ್ದೆ ತೊಳಸುವಾಗ, ಸ್ಟೀಲ್ ಪಾತ್ರೆ ಉಜ್ಜುವಾಗ ಬಿಚ್ಚಿಡಲಿ, ಗೀರು ಬೀಳುತ್ತೆ. ಬೇಕಾದ ಮಾಹಿತಿ ರಾತ್ರಿಯದು, ಹಗಲು ಬಿಚ್ಚಿದ್ರೆ ಏನೂ ಕಳ್ಕೊಳ್ಳಲ್ಲ.

ಥರ್ಮಾಮೀಟರ್_ತಾಯಮ್ಮ
ಅದಕ್ಕಿಂತ ಮೊದಲು ಅವರನ್ನ ಕೇಳಿ, ಬೇಕಾ ಅಂತ. ಆ್ಯಪಿನ ಲಾಗಿನ್ ಅವರ ಮೇಲ್ ಐಡಿಯಲ್ಲೇ ಆಗಲಿ, ನಿಮ್ಮದರಲ್ಲಿ ಬೇಡ.

ಮಂಡ್ಯ_ಗೌಡ್ರುಡುಗ
ಆಯ್ತು ಬುಡಿ ಅಕ್ಕ, ಕೇಳೇ ತತ್ತೀನಿ.

ನಂಜನಗೂಡು_ರಸಬಾಳೆ
ಮುಂಚಿತವಾಗಿ ತಿಳಿಯೋಕೆ ದಾರಿಯೇ ಇಲ್ವಾ ಹಾಗಾದ್ರೆ? ಮದುವೆಯಾಗಿ ವರ್ಷ ಕಳೆದು ಮಗುಗೆ ಕಾಯ್ತಿರೋರು ಏನ್ ಮಾಡ್ಬೇಕು?

ಲ್ಯಾಬ್_ಕೋಟು
ಇದೆ. ಮೆಡಿಕಲಲ್ಲಿ ಸಿಗೋ ಓವ್ಯುಲೇಷನ್ ಪರೀಕ್ಷೆಯ ಪಟ್ಟಿ (ಸ್ಟ್ರಿಪ್). ಮೂತ್ರದಲ್ಲಿ ಎಲ್‌ಎಚ್ ಹಾರ್ಮೋನ್ ದಿಢೀರ್ ಏರೋದನ್ನ ಅದು ಹಿಡಿಯುತ್ತೆ, ಏರಿದ 24ರಿಂದ 36 ಗಂಟೆಯೊಳಗೆ ಅಂಡ ಬಿಡುಗಡೆ. ವಾಚು ಹಿಂದಿನದ್ದು ಹೇಳಿದ್ರೆ ಪಟ್ಟಿ ಮುಂದಿನದ್ದು ಹೇಳುತ್ತೆ. ಎರಡನ್ನೂ ಸೇರಿಸಿದ್ರೆ ಚಿತ್ರ ಪೂರ್ತಿ.

ಶುರು ಮಾಡೋ ದಿನ: ನಿಮ್ಮ ಅತಿ ಚಿಕ್ಕ ಸೈಕಲಿನಿಂದ 17 ಕಳೀರಿ. 27 ಇದ್ರೆ 10ನೇ ದಿನದಿಂದ. ಪರೀಕ್ಷೆಗೆ ಎರಡು ಗಂಟೆ ಮುಂಚೆ ನೀರು ಕಮ್ಮಿ ಕುಡೀರಿ, ಮೂತ್ರ ತೀರಾ ತಿಳಿಯಾದ್ರೆ ಏರಿಕೆ ತಪ್ಪಿಹೋಗುತ್ತೆ. ಬಾಣದ ಗುರುತು ದಾಟಿ ಅದ್ದಬೇಡಿ. ಡಬ್ಬದ ಮೇಲೆ ಹೇಳಿದ ನಿಮಿಷಕ್ಕೇ ಓದಿ, ಸಾಮಾನ್ಯವಾಗಿ ಐದು. ಅರ್ಧ ಗಂಟೆ ಬಿಟ್ಟು ಕಸದ ಬುಟ್ಟಿಯಿಂದ ಎತ್ತಿ ನೋಡಿ ‘ಗೆರೆ ಗಾಢ ಆಗಿದೆ’ ಅನ್ನೋದು ಲೆಕ್ಕಕ್ಕಿಲ್ಲ.

ಬಹಳ ಜನ ಎಡವೋದು ಇಲ್ಲಿ: ಪ್ರೆಗ್ನೆನ್ಸಿ ಕಿಟ್‌ನಲ್ಲಿ ಮಸುಕು ಗೆರೆ ಬಂದ್ರೂ ಪಾಸಿಟಿವ್, ಇದರಲ್ಲಿ ಹಾಗಲ್ಲ. ಪರೀಕ್ಷೆ ಗೆರೆ ಪಕ್ಕದ ಗೆರೆಯಷ್ಟೇ ಅಥವಾ ಅದಕ್ಕಿಂತ ಗಾಢ ಇದ್ರೆ ಮಾತ್ರ ಪಾಸಿಟಿವ್. ಎಲ್‌ಎಚ್ ಯಾವಾಗಲೂ ಸ್ವಲ್ಪ ಇದ್ದೇ ಇರುತ್ತೆ. ಪಿಸಿಒಡಿ (ಅಂಡಾಶಯದ ಹಾರ್ಮೋನ್ ಏರುಪೇರಿನ ತೊಂದರೆ) ಇರೋರಲ್ಲಿ ಜಾಸ್ತಿಯೇ ಇರಬಹುದು, ಅವರಿಗೆ ಪಟ್ಟಿ ದಿನಗಟ್ಟಲೆ ಪಾಸಿಟಿವ್ ತೋರಿಸಿ ಅಂಡ ಮಾತ್ರ ಬಿಡುಗಡೆ ಆಗದೇ ಇರಬಹುದು. ಆಗ ಉಷ್ಣಾಂಶವೇ ನ್ಯಾಯ ಹೇಳ್ಬೇಕು. ಅಂಡ ಬಿಡುಗಡೆಗೆ ಅಂತ ಕೊಡೋ ಎಚ್‌ಸಿಜಿ ಇಂಜೆಕ್ಷನ್ ಹಾಕಿಸಿಕೊಂಡಿದ್ರೂ ಪಟ್ಟಿ ಸುಳ್ಳು ಹೇಳುತ್ತೆ.

ವರ್ಷ ಪ್ರಯತ್ನಪಟ್ಟೂ ಆಗದಿದ್ರೆ (35 ದಾಟಿದ್ರೆ ಆರು ತಿಂಗಳು) ಗ್ಯಾಜೆಟ್ ಪಕ್ಕಕ್ಕಿಟ್ಟು ಗಂಡ ಹೆಂಡತಿ ಇಬ್ಬರೂ ಪರೀಕ್ಷೆಗೆ ಹೋಗಿ. ಇಬ್ಬರೂ. ಅಂಡ ಬಿಡುಗಡೆ ಆಗಿದ್ಯಾ ಅಂತ ಖಾತ್ರಿ ಮಾಡೋಕೆ ಪ್ರೊಜೆಸ್ಟರಾನ್ ರಕ್ತಪರೀಕ್ಷೆ ಇದೆ. ಎಲ್ಲರಿಗೂ ‘21ನೇ ದಿನ’ ಅಂತ ಬರೆದುಕೊಡೋದು 28 ದಿನದ ಲೆಕ್ಕಕ್ಕೆ. 35 ದಿನದ ಸೈಕಲಿಗೆ 28ನೇ ದಿನ ಕೊಡಬೇಕು, ಅಂದ್ರೆ ಮುಂದಿನ ಡೇಟಿಗೆ ಏಳು ದಿನ ಮುಂಚೆ. ವಾಚಿನ ಗ್ರಾಫ್ ನಿಜಕ್ಕೂ ಕೈಹಿಡಿಯೋ ಜಾಗ ಇದು, ಏರಿಕೆ ಕಂಡು ಒಂದು ವಾರಕ್ಕೆ ರಕ್ತ ಕೊಟ್ರೆ ಸರಿಯಾದ ದಿನವೇ ಆಗುತ್ತೆ.

ಪಾಂಡವಪುರ_ಪ್ಯಾಸೆಂಜರ್
ಪಿಸಿಒಡಿಗೆ ವಾಚು ತಗೊಳ್ಳಬಹುದಾ ಬೇಡ್ವಾ? ಒಂದೇ ಮಾತಲ್ಲಿ.

ಲ್ಯಾಬ್_ಕೋಟು
ಉಷ್ಣಾಂಶದ್ದಾದ್ರೆ ಆಗಬಹುದು, ಲೆಕ್ಕದ್ದಾದ್ರೆ ಬೇಡ. 40, 62, 35 ದಿನಗಳ ಸರಾಸರಿ 46 ಅಂತ ಅದು ಹೇಳುತ್ತೆ, ಆ 46 ಯಾವ ತಿಂಗಳಿಗೂ ಸೇರಿದ್ದಲ್ಲ. ಗ್ರಾಫ್‌ನಲ್ಲಿ ಏರಿಕೆಯೇ ಇಲ್ಲದೆ ರಕ್ತ ಹೋದ್ರೆ ಅದು ಅಂಡ ಬಿಡುಗಡೆ ಇಲ್ಲದ ಸ್ರಾವ ಇರಬಹುದು, ಡಾಕ್ಟರಿಗೆ ತೋರಿಸೋಕೆ ಅದೇ ದೊಡ್ಡ ಸುಳಿವು. ವಾಚು ಪಿಸಿಒಡಿ ಇದೆ ಇಲ್ಲ ಅಂತ ಹೇಳಲ್ಲ. ರಕ್ತದಲ್ಲಿ ಟಿಎಸ್‌ಎಚ್ (ಥೈರಾಯ್ಡ್ ಪರೀಕ್ಷೆ), ಪ್ರೊಲ್ಯಾಕ್ಟಿನ್ ಹಾರ್ಮೋನ್ ನೋಡ್ಬೇಕು, ಥೈರಾಯ್ಡ್ ಏರುಪೇರಾದ್ರೂ ಡೇಟ್ ಹೀಗೇ ಆಡುತ್ತೆ.

ಒಂಟಿಕೊಪ್ಪಲ್_ಸಂಜೆ
ಹಬ್ಬ, ಮದುವೆ ಅಂತ ಮುಟ್ಟು ಮುಂದೂಡೋ ಮಾತ್ರೆ ನುಂಗೋರು ಈ ಆ್ಯಪ್ ತಾರೀಕು ನಂಬಿ ಶುರು ಮಾಡ್ತಾರಲ್ಲ, ಅದು ಸರೀನಾ? ದಸರಾ ಟೈಮಲ್ಲಿ ಮೆಡಿಕಲ್ ಸ್ಟೋರಲ್ಲಿ ಕೇಳೋದೇ ಅದನ್ನ.

ಲ್ಯಾಬ್_ಕೋಟು
ಅದು ನಾರ್‌ಎಥಿಸ್ಟೆರಾನ್, 5 ಮಿಲಿಗ್ರಾಂ, ದಿನಕ್ಕೆ ಮೂರು, ಡೇಟಿಗೆ ಮೂರು ದಿನ ಮುಂಚಿನಿಂದ. ನಿಲ್ಲಿಸಿದ ಎರಡು ಮೂರು ದಿನಕ್ಕೆ ಆಗುತ್ತೆ. ಲೆಕ್ಕದ ಆ್ಯಪ್ ತಾರೀಕು ತಪ್ಪಿದ್ರೆ ಶುರು ಮಾಡೋದು ತಡವಾಗಿ ಪೂಜೆ ದಿನವೇ ಸ್ರಾವ ಕಾಣುತ್ತೆ. ಕಾಲಿನ ರಕ್ತನಾಳದಲ್ಲಿ ಗಡ್ಡೆ ಕಟ್ಟಿದ್ದೋರು, ಕಣ್ಣ ಮುಂದೆ ಮಿಂಚು ಬಂದು ಮೈಗ್ರೇನ್ ಆಗೋರು ಕೇಳದೆ ಮುಟ್ಟಲೇಬಾರದು, ಕೌಂಟರಲ್ಲಿ ಕೈಬೀಸಿ ಕೊಡೋ ಮಾತ್ರೆ ಅಲ್ಲ ಅದು. ಈ ಮಾತ್ರೆ ಪ್ರೊಜೆಸ್ಟರಾನ್ ಜಾತಿಯದ್ದೇ ಆದ್ದರಿಂದ ಗ್ರಾಫೂ ಕೆಡಬಹುದು. ಆ ತಿಂಗಳನ್ನ ಲೆಕ್ಕದಿಂದ ಬಿಟ್ಟುಬಿಡಿ. ದಿನಾ ನುಂಗೋ ಗರ್ಭನಿರೋಧಕ ಗುಳಿಗೆಯೋರಿಗಂತೂ ಸಾಮಾನ್ಯವಾಗಿ ಅಂಡ ಬಿಡುಗಡೆಯೇ ಇರಲ್ಲ, ಆ್ಯಪ್ ತೋರಿಸೋ ಓವ್ಯುಲೇಷನ್ ಚುಕ್ಕೆ ಕಟ್ಟುಕಥೆ. ಕಾಪರ್-ಟಿ ಹಾಕಿಸಿಕೊಂಡೋರಿಗೆ ಗ್ರಾಫ್ ಎಂದಿನಂತೆ ಬರುತ್ತೆ.

ಕಬ್ಬಿನ್_ಗದ್ದೆ
ಗುಳಿಗೆ ಬದ್ಲು ವಾಚ್ ನೋಡ್ಕೊಂಡು ‘ಸೇಫ್ ದಿನ’ ಲೆಕ್ಕ ಹಾಕ್ಬೌದಲ್ವಾ ಹಂಗಾರೆ?

ಸೆನ್ಸರ್_ಸುಬ್ಬಿ
ಬೇಡ. ವಾಚಿನ ಕಂಪನಿಯೇ ಗರ್ಭನಿರೋಧಕ್ಕೆ ಬಳಸಬೇಡಿ ಅಂತ ಬರೆದಿರುತ್ತೆ, ಯಾರೂ ಓದಲ್ಲ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2018ರಲ್ಲಿ ನ್ಯಾಚುರಲ್ ಸೈಕಲ್ಸ್ ಅನ್ನೋ ಒಂದು ಆ್ಯಪಿಗೆ ಗರ್ಭನಿರೋಧಕ ಅಂತ ಅನುಮತಿ ಕೊಟ್ಟಿದ್ದು ನಿಜ. ಅದು ಬೇರೆ ಲೆಕ್ಕಾಚಾರ. ಅದರಲ್ಲೂ ಸಾಮಾನ್ಯ ಬಳಕೆಯಲ್ಲಿ ವರ್ಷಕ್ಕೆ ನೂರರಲ್ಲಿ ಏಳು ಜನಕ್ಕೆ ಗರ್ಭ ನಿಲ್ಲುತ್ತೆ. ಕಾಪರ್-ಟಿಯಲ್ಲಿ ಒಂದಕ್ಕಿಂತ ಕಮ್ಮಿ. ಲೆಕ್ಕದ ವಾಚಿಗೆ ಅಂಥಾ ಪರೀಕ್ಷೆಯೇ ಆಗಿರಲ್ಲ.

ಚಾಮುಂಡಿಪುರಂ_ಸರ್ಕಲ್
ಎಂಟನೇ ಕ್ಲಾಸಿನ ಮಗಳಿಗೆ ಕೊಡಿಸಬಹುದಾ? ಒಂದು ತಿಂಗಳು ಆಗುತ್ತೆ, ಎರಡು ತಿಂಗಳು ಇಲ್ಲ.

ಥರ್ಮಾಮೀಟರ್_ತಾಯಮ್ಮ
ಬೇಡಮ್ಮ. ಮೊದಲ ಎರಡು ಮೂರು ವರ್ಷ ಏರುಪೇರು ಇರೋದೇ, ಆ ವಯಸ್ಸಲ್ಲಿ 21ರಿಂದ 45 ದಿನದವರೆಗೂ ಸಹಜ. ‘ತಡವಾಗಿದೆ’ ಅಂತ ಕೈಮೇಲೆ ನಡುಗೋ ವಾಚು ಆ ಮಗುಗೆ ಬರೀ ದಿಗಿಲು. ಒಂದು ಪುಟ್ಟ ಡೈರಿ ಕೊಡಿ. ಮೂರು ತಿಂಗಳು ದಾಟಿ ಆಗದಿದ್ರೆ, ಗಂಟೆಗೊಂದು ಪ್ಯಾಡ್ ಪೂರ್ತಿ ನೆನೆದ್ರೆ, ಏಳು ದಿನ ದಾಟಿ ಹೋಗ್ತಾನೇ ಇದ್ರೆ ತೋರಿಸಿ. ಸರ್ಕಾರಿ ಆಸ್ಪತ್ರೆಗಳಲ್ಲಿ ಹದಿಹರೆಯದೋರಿಗೆ ಅಂತ ಸ್ನೇಹ ಕ್ಲಿನಿಕ್ ಇರುತ್ತೆ, ವಿಚಾರಿಸಿ.

ಇನ್ನೊಂದು ಮಾತು, ಎಲ್ಲರಿಗೂ. ಯಾವ ವಾಚೂ ರಕ್ತ ಎಷ್ಟು ಹೋಯ್ತು ಅಂತ ಅಳೆಯಲ್ಲ. ನಮ್ಮ ಕಡೆ ಹೆಣ್ಣುಮಕ್ಕಳನ್ನ ಸುಸ್ತು ಮಾಡೋದು ಅದೇ. ಪ್ಯಾಡಿನ ಲೆಕ್ಕ, ಐದು ರೂಪಾಯಿ ನಾಣ್ಯಕ್ಕಿಂತ ದೊಡ್ಡ ಗಡ್ಡೆ ಬಿತ್ತಾ ಇಲ್ವಾ, ಕೈಯಾರೆ ಬರೀಬೇಕು. ಹಿಮೋಗ್ಲೋಬಿನ್ 12ಕ್ಕಿಂತ ಕೆಳಗಿದ್ರೆ ವಾಚಿನ ದುಡ್ಡಲ್ಲಿ ಮೊದಲು ಅದನ್ನ ಸರಿ ಮಾಡ್ಕೊಳ್ಳಿ.

ನೈಟ್‌ಶಿಫ್ಟ್_ಹೂಟಗಳ್ಳಿ
ವಿಷಯ ಸ್ವಲ್ಪ ಆಚೆಗೆ. 2025ರ ಅಕ್ಟೋಬರಲ್ಲಿ ರಾಜ್ಯ ಸಂಪುಟ ತಿಂಗಳಿಗೊಂದರಂತೆ ವರ್ಷಕ್ಕೆ 12 ದಿನ ಸಂಬಳ ಸಹಿತ ಮುಟ್ಟಿನ ರಜೆಗೆ ಒಪ್ಪಿಗೆ ಕೊಡ್ತಲ್ಲ, ಅದಕ್ಕೆ ಆ್ಯಪಿನ ಸ್ಕ್ರೀನ್‌ಶಾಟ್ ಕೇಳೋ ಮ್ಯಾನೇಜರ್‌ಗಳು ಹುಟ್ಕೊಂಡ್ರೆ?

ಕುವೆಂಪುನಗರ_ಎಂ_ಬ್ಲಾಕ್
ಕೊಡ್ಲೇಬೇಡಿ. ಒಂದು ಸಲ ಕೊಟ್ರೆ ‘ಆ್ಯಪಲ್ಲಿ ಇನ್ನೂ ನಾಲ್ಕು ದಿನ ಇದೆಯಲ್ಲ’ ಅಂತ ಶುರುವಾಗುತ್ತೆ. ಆಫೀಸಿನ ವೆಲ್‌ನೆಸ್ ಆ್ಯಪಿಗೆ ವಾಚು ಜೋಡಿಸಿ ಹೆಜ್ಜೆ ಎಣಿಸೋ ಸ್ಪರ್ಧೆಗೆ ಸೇರೋರು ಅನುಮತಿ ಪುಟ ತೆರೆದು ಹೆಜ್ಜೆ ಒಂದಕ್ಕೆ ಮಾತ್ರ ಟಿಕ್ ಇಡಿ, ಸೈಕಲ್, ಉಷ್ಣಾಂಶ, ನಿದ್ದೆ ತೆಗೀರಿ. ಲಾಕ್ ಸ್ಕ್ರೀನ್ ಮೇಲೆ ನೋಟಿಫಿಕೇಷನ್ ಬರದಂಗೆ ಮಾಡಿ. ಆ್ಯಪ್ ಅಳಿಸಿದ್ರೆ ಮಾಹಿತಿ ಅಳಿಯಲ್ಲ, ಮೊದಲು ಒಳಗೆ ಹೋಗಿ ಅಕೌಂಟ್ ಡಿಲೀಟ್ ಮಾಡ್ಬೇಕು.

ಇದು ಸುಮ್ಮನೆ ಹೆದರಿಸೋ ಮಾತಲ್ಲ. ಮುಟ್ಟಿನ ಲೆಕ್ಕದ ಫ್ಲೋ ಆ್ಯಪ್ ಬಳಕೆದಾರರ ಮಾಹಿತಿಯನ್ನ ಫೇಸ್‌ಬುಕ್, ಗೂಗಲ್‌ನಂಥ ಕಂಪನಿಗಳಿಗೆ ಕೊಟ್ಟಿದೆ ಅಂತ ಅಮೆರಿಕದಲ್ಲಿ ಗ್ರಾಹಕರ ಹಿತ ಕಾಯೋ ಸಂಸ್ಥೆ ಎಫ್‌ಟಿಸಿ ಆರೋಪ ಹೊರಿಸಿ, 2021ರಲ್ಲಿ ಒಪ್ಪಂದದಲ್ಲಿ ಮುಗೀತು. ನಮ್ಮಲ್ಲಿ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ ಒಪ್ಪಿಗೆ ವಾಪಸ್ ತಗೊಳ್ಳೋ, ಅಳಿಸು ಅಂತ ಕೇಳೋ ಹಕ್ಕು ಕೊಡೋ ಕಲಮುಗಳಿವೆ, ಅವು ಹಂತಹಂತವಾಗಿ ಜಾರಿಯಾಗೋವು. ಮಾಹಿತಿ ಫೋನ್ ಬಿಟ್ಟು ಹೊರಗೆ ಹೋಗಬಾರದು ಅನ್ನೋರಿಗೆ ಡ್ರಿಪ್ ಅಂತ ಒಂದು ಓಪನ್ ಸೋರ್ಸ್ ಆ್ಯಪ್ ಇದೆ, ಉಷ್ಣಾಂಶ ಕೈಯಾರೆ ತುಂಬ್ಬೇಕು.

ಥರ್ಮಾಮೀಟರ್_ತಾಯಮ್ಮ
ಗ್ರಾಫ್ ಹಾಳೆಯನ್ನ ಯಾವ ಫೇಸ್‌ಬುಕ್ಕೂ ಕದಿಯಲ್ಲ 🙂

ಮದ್ದೂರ್_ವಡೆ
ಅತ್ತೆ ಓದ್ತಾರಲ್ಲ ಅಕ್ಕೋ 😂

ಸರಸ್ವತಿಪುರಂ_ಕಾಫಿ
ಇಷ್ಟು ಬರುತ್ತೆ ಅನ್ಕೊಂಡಿರ್ಲಿಲ್ಲ, ಥ್ಯಾಂಕ್ಸ್. ಕೊನೇ ಪ್ರಶ್ನೆ: ಚೆಲುವಾಂಬ ಆಸ್ಪತ್ರೆಯಂಥ ರಶ್ ಇರೋ ಓಪಿಡಿಗೆ ಹೋದಾಗ ಇದನ್ನೆಲ್ಲ ಹೇಗೆ ತೋರಿಸೋದು? ಫೋನ್ ಉಜ್ಜುತ್ತಾ ನಿಂತ್ರೆ ಬೈಸ್ಕೋತೀವಿ.

ಲ್ಯಾಬ್_ಕೋಟು
ಒಂದೇ ಹಾಳೆ ಬರ್ಕೊಂಡು ಹೋಗಿ. ಮೇಲ್ಗಡೆ ಕೊನೇ ಆರು ಸಲದ ಮೊದಲ ದಿನದ ತಾರೀಕು, ಪಕ್ಕದಲ್ಲಿ ಎಷ್ಟು ದಿನ ಹೋಯ್ತು, ಜಾಸ್ತಿ ಹೋದ ದಿನ ಎಷ್ಟು ಪ್ಯಾಡ್. ಕೆಳಗೆ ನುಂಗ್ತಿರೋ ಮಾತ್ರೆಗಳ ಹೆಸರು. ಉಷ್ಣಾಂಶ ಏರಿದ ದಿನ ಗೊತ್ತಿದ್ರೆ ‘18ನೇ ದಿನ ಏರಿಕೆ’ ಅಂತ ಒಂದು ಸಾಲು ಸಾಕು. ಗ್ರಾಫ್ ಕೇಳಿದ್ರೆ ಮಾತ್ರ ಫೋನ್ ತೆಗೀರಿ, ಮೂರು ತಿಂಗಳ ಸ್ಕ್ರೀನ್‌ಶಾಟ್ ಮೊದಲೇ ಒಂದು ಆಲ್ಬಮ್‌ಗೆ ಹಾಕಿಟ್ಟಿರಿ. ಗರ್ಭಿಣಿ ಆಗಿದ್ದು ಬಿಡುಗಡೆ ತಡವಾಗಿದ್ದ ತಿಂಗಳು ಅಂತ ಗೊತ್ತಿದ್ರೆ ಅದನ್ನ ಹೇಳಲೇಬೇಕು. 280 ದಿನದ ಹೆರಿಗೆ ಲೆಕ್ಕ ಹಾಕೋದು ಕೊನೇ ಮುಟ್ಟಿನಿಂದ, ಆಮೇಲೆ ಮಗು ‘ಒಂದು ವಾರ ಚಿಕ್ಕದಿದೆ’ ಅಂತ ಗಾಬರಿ ಆಗೋದು ಬೇಡ. ಮೊದಲ ಮೂರು ತಿಂಗಳ ಸ್ಕ್ಯಾನಿನಲ್ಲಿ ಅದು ಸರಿಹೋಗುತ್ತೆ.

ಬೋಗಾದಿ_ರಿಂಗ್‌ರೋಡ್
ವಾಚ್ ಪಟ್ಟಿ ಕೆಳಗೆ ಕೆರೆತ, ಕೆಂಪು ಗುಳ್ಳೆ ಬರುತ್ತಲ್ಲ ರಾತ್ರಿಯೆಲ್ಲ ಕಟ್ಕೊಂಡ್ರೆ?

ಸೆನ್ಸರ್_ಸುಬ್ಬಿ
ಬಹುಪಾಲು ಬೆವರು, ಸೋಪು ಒಳಗೆ ಉಳಿಯೋದ್ರಿಂದ. ಸ್ನಾನಕ್ಕೆ ಬಿಚ್ಚಿಡಿ, ಕೈ ಪೂರ್ತಿ ಒಣಗಿದ ಮೇಲೆ ಕಟ್ಟಿ. ಸಿಲಿಕಾನ್ ಪಟ್ಟಿ ಬದಲು ಬಟ್ಟೆಯದ್ದು ಹಾಕಿ, ವಾರಕ್ಕೊಂದು ಸಲ ಒಗೀರಿ. ಕೊಬ್ಬರಿ ಎಣ್ಣೆ, ಕ್ರೀಮು ಹಚ್ಕೊಂಡು ಅದರ ಮೇಲೇ ಕಟ್ಟಬೇಡಿ, ಸೆನ್ಸರ್ ಗಾಜಿನ ಮೇಲೆ ಪೊರೆ ಕೂತು ಹೃದಯ ಬಡಿತದ ಓದು ಕೆಡುತ್ತೆ. ಕೈ ಬದಲಾಯಿಸಿದ್ರೆ ಸೆಟ್ಟಿಂಗ್ಸಲ್ಲೂ ಬದಲಾಯಿಸಿ. ಒಂದು ರಾತ್ರಿ ಎಡಗೈ ಒಂದು ರಾತ್ರಿ ಬಲಗೈ ಅಂತ ಆಡಿಸಬೇಡಿ, ಕಡೇಪಕ್ಷ ಆ ಸೈಕಲ್ ಮುಗಿಯೋವರೆಗೂ ಒಂದೇ ಕೈ ಇರಲಿ.